ಮೆಟ್ಟಿಲ ಮೇಲಿನ ಕಂದು ಕಲೆ

ಆ ದಿನ ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಈಜುಕೊಳದ ನೀರು ಹಸಿರಾಗಿತ್ತು. ಆದರೆ ಆಳದ ಕಡೆ ತಳದಲ್ಲಿ ಬಿದ್ದಿದ್ದ ಒಂದು ನಾಣ್ಯ ನಿಚ್ಚಳವಾಗಿ ಕಾಣುತ್ತಿತ್ತು. ಈ ಎರಡನ್ನೂ ಒಟ್ಟಿಗೆ ಇಟ್ಟು ಯೋಚಿಸಿದ್ದರೆ ಮುಂದಿನ ಐದು ವಾರದ ಒದ್ದಾಟ ಬಹುಪಾಲು ತಪ್ಪುತ್ತಿತ್ತು. ನಾನು ಹಸಿರನ್ನು ಮಾತ್ರ ನೋಡಿದೆ. ಹಸಿರು ಅಂದರೆ ಪಾಚಿ, ಪಾಚಿಗೆ ಕ್ಲೋರಿನ್. ಅಷ್ಟೇ ನನಗೆ ಗೊತ್ತಿದ್ದದ್ದು.

ನಮ್ಮದು ಚಿಕ್ಕ ಕೊಳ. ಉದ್ದ 8 ಮೀಟರ್, ಅಗಲ 4 ಮೀಟರ್, ಸರಾಸರಿ ಆಳ 1.4 ಮೀಟರ್. ಗುಣಿಸಿದರೆ ಹತ್ತಿರ ಹತ್ತಿರ 45,000 ಲೀಟರ್ ನೀರು. ಒಳಗೆಲ್ಲ ಬಿಳಿ ಪ್ಲಾಸ್ಟರ್. ಎರಡು ವರ್ಷ ಯಾವ ತೊಂದರೆಯೂ ಇರಲಿಲ್ಲ. ಒಂದು ದಿನ ಪಂಪಿನ ಸೀಲ್ ಹೋಗಿ ಮೂರನೇ ಒಂದು ಭಾಗ ನೀರು ಸೋರಿಹೋಯಿತು. ಯಾವಾಗಲೂ ನಲ್ಲಿ ನೀರು ತುಂಬಿಸುತ್ತಿದ್ದೆವು. ಈ ಸಲ ಬೇಗ ತುಂಬಲಿ ಅಂತ ಬೋರ್‌ವೆಲ್ ನೀರು ಬಿಟ್ಟೆ. ನೀರು ತಿಳಿಯಾಗಿಯೇ ಇತ್ತು. ಹೊಸ ನೀರಲ್ವಾ ಅಂತ ಸಂಜೆ ಒಂದು ದೊಡ್ಡ ಡೋಸ್ ಕ್ಲೋರಿನ್ ಪುಡಿ ಹಾಕಿ ಮಲಗಿದೆ. ಬೆಳಿಗ್ಗೆ ಈ ಹಸಿರು.

ಮತ್ತೆ ಕ್ಲೋರಿನ್ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಹಸಿರು ಹೋಗಿ ತುಕ್ಕಿನ ಬಣ್ಣ ಬಂತು. ಮೂರನೇ ದಿನ ನೀರು ತಿಳಿಯಾಯಿತು. ನನಗೆ ತುಂಬ ಖುಷಿ. ಆದರೆ ಇಳಿಯುವ ಮೆಟ್ಟಿಲುಗಳ ಮೇಲೆ, ಆಳ ಕಡಿಮೆ ಇರುವ ಕಡೆಯ ಗೋಡೆಯ ಮೇಲೆ, ಕಂದು ಬಣ್ಣದ ಪದರ ಕೂತಿತ್ತು. ನೀರಿನಲ್ಲಿದ್ದದ್ದು ಈಗ ಪ್ಲಾಸ್ಟರಿಗೆ ಬಂದಿತ್ತು.

ಬ್ರಷ್ ಹಾಕಿ ತಿಕ್ಕಿದೆ. ಒಂದಿಷ್ಟೂ ಹೋಗಲಿಲ್ಲ. ಹೆಂಡತಿ ಮೆಟ್ಟಿಲ ಮೇಲೆ ಕೈಯಾಡಿಸಿ ನೋಡಿ ಹೇಳಿದಳು: "ರೀ, ಪಾಚಿ ಆಗಿದ್ದರೆ ಕೈಗೆ ಜಾರಬೇಕಲ್ವಾ? ಇದು ಒರಟಾಗೇ ಇದೆ."

ಅವಳು ಹೇಳಿದ್ದು ಸರಿಯಾಗಿತ್ತು. ಆ ದಿನ ನಾನು ಕೇಳಲಿಲ್ಲ.

ಕೇಳದಿರುವುದಕ್ಕೆ ಒಂದು ಕಾರಣ ನನ್ನ ಟೆಸ್ಟ್ ಕಿಟ್. ಅದರ ಹನಿ ಹಾಕಿದಾಗ ಕ್ಲೋರಿನ್ ಇದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಜಾಸ್ತಿ ಇದ್ದಷ್ಟೂ ಗಾಢ ಗುಲಾಬಿ. ನಾನು ಪರೀಕ್ಷೆ ಮಾಡಿದಾಗ ನೀರು ಬಿಳಿಯಾಗೇ ಉಳಿಯಿತು. ಕ್ಲೋರಿನ್ ಸೊನ್ನೆ! ಪಾಚಿ ಎಲ್ಲ ತಿಂದುಹಾಕುತ್ತಿದೆ ಅಂದುಕೊಂಡು ಇನ್ನಷ್ಟು ಸುರಿದೆ. ಮರುದಿನವೂ ಬಿಳಿ. ಮತ್ತೆ ಸುರಿದೆ. ಕ್ಲೋರಿನ್ ತೀರಾ ಹೆಚ್ಚಾದಾಗ ಆ ಗುಲಾಬಿ ಬಣ್ಣವನ್ನೇ ಅದು ಸುಟ್ಟು ಬಿಳಿ ಮಾಡಿಬಿಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆ ಹನಿ ಬಿದ್ದ ಕ್ಷಣ ಗುಲಾಬಿ ಮಿಂಚಿ ಮಾಯವಾಗುತ್ತದೆ. ಆ ಮಿಂಚು ಕಂಡರೆ ಕ್ಲೋರಿನ್ ಇಲ್ಲ ಅಂತಲ್ಲ, ಅಳತೆ ಮೀರಿದೆ ಅಂತ ಅರ್ಥ. ಪಿಎಚ್ (ನೀರು ಎಷ್ಟು ಹುಳಿ ಎಂಬ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಪರೀಕ್ಷೆಯೂ ಅದೇ ಕಾರಣಕ್ಕೆ ತಪ್ಪು ಹೇಳುತ್ತದೆ. ಕೆಂಪು ಬರಬೇಕಾದ ಹನಿ ನೇರಳೆ ಬಣ್ಣ ತೋರಿಸಿತು. ಪಿಎಚ್ ವಿಪರೀತ ಏರಿದೆ ಎಂದು ನಂಬಿ ಆಸಿಡ್ ಕೂಡ ಹಾಕಿದೆ. ನಿಜಕ್ಕೂ ಏರಿರಲಿಲ್ಲ.

ಇದನ್ನು ಬರೆಯುವಾಗ ಈಗಲೂ ಬೇಸರವಾಗುತ್ತದೆ. ಯಾಕೆಂದರೆ ಆ ನಾಲ್ಕು ದಿನ ನಾನು ಮಾಡಿದ್ದೆಲ್ಲ ಅಳತೆ ನೋಡಿಯೇ ಮಾಡಿದ್ದು. ಸುಮ್ನೆ ಅಂದಾಜಿನ ಮೇಲೆ ಸುರಿದದ್ದಲ್ಲ. ಅಳತೆಯೇ ಸುಳ್ಳಾಗಿತ್ತು.

ಐದನೇ ದಿನ, ಹಲವು ವರ್ಷ ಈಜುಕೊಳಗಳನ್ನು ನೋಡಿಕೊಂಡಿದ್ದ ಒಬ್ಬ ಹಿರಿಯರಿಗೆ ಫೋನ್ ಮಾಡಿದೆ. ಪಾಚಿ, ಕ್ಲೋರಿನ್, ಆಸಿಡ್ ಎಲ್ಲ ಹೇಳಿ ಮುಗಿಸುವವರೆಗೂ ಅವರು ಸುಮ್ಮನಿದ್ದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ನೀರು ಎಲ್ಲಿಂದ ತುಂಬಿಸಿದೆಯಪ್ಪಾ?"

ಬೋರ್‌ವೆಲ್ ಅಂದೆ.

"ಒಂದು ಬಿಳಿ ಬಕೆಟ್‌ನಲ್ಲಿ ಅದೇ ನೀರು ಹಿಡಿ. ಚೂರು ಕ್ಲೋರಿನ್ ಹಾಕು. ಅರ್ಧ ಗಂಟೆ ಬಿಟ್ಟು ನೋಡು. ಅಲ್ಲಿಯವರೆಗೆ ಕೊಳಕ್ಕೆ ಏನೂ ಹಾಕಬೇಡ."

ಬಕೆಟ್ ಹಿಡಿದೆ. ನೀರು ಗಾಜಿನಂತಿತ್ತು. ಒಂದು ಚಮಚ ಕ್ಲೋರಿನ್ ಹಾಕಿ ಕಲಕಿದೆ. ಹೆಂಡತಿಯೂ ನಾನೂ ಪಕ್ಕದಲ್ಲೇ ನಿಂತಿದ್ದೆವು. ಮೊದಲು ತೆಳು ಹಳದಿ, ಆಮೇಲೆ ಕಿತ್ತಳೆ, ಕೊನೆಗೆ ತಳದಲ್ಲಿ ತುಕ್ಕಿನ ಪುಡಿ. ಕೊಳದಲ್ಲಿ ಮೂರು ದಿನ ನಡೆದದ್ದು ಬಕೆಟ್‌ನಲ್ಲಿ ಅರ್ಧ ಗಂಟೆಯಲ್ಲಿ ನಡೆದುಹೋಯಿತು.

ವಿಷಯ ಇಷ್ಟೇ. ನೆಲದಡಿಯ ನೀರಿನಲ್ಲಿ ಗಾಳಿ ಕಡಿಮೆ. ಅಲ್ಲಿ ಕಬ್ಬಿಣ ಪೂರ್ತಿ ಕರಗಿದ ರೂಪದಲ್ಲಿ ಇರಬಹುದು, ಬಣ್ಣವೇ ಇರುವುದಿಲ್ಲ. ಕ್ಲೋರಿನ್ ತಗುಲಿದ ಕೂಡಲೇ ಅದು ತುಕ್ಕಾಗುತ್ತದೆ. ತುಕ್ಕು ನೀರಿನಲ್ಲಿ ಕರಗಿ ನಿಲ್ಲುವುದಿಲ್ಲ. ಒಂದಷ್ಟು ಫಿಲ್ಟರಿಗೆ ಹೋಗುತ್ತದೆ, ಉಳಿದದ್ದು ಗೋಡೆಗೆ ಅಂಟುತ್ತದೆ. ಪಾಚಿಯ ಹಸಿರಿನಲ್ಲಿ ನೀರು ಮಬ್ಬಾಗುತ್ತದೆ, ತಳ ಕಾಣುವುದಿಲ್ಲ. ಲೋಹದ ಹಸಿರಿನಲ್ಲಿ ನೀರು ಬಣ್ಣ ಹಾಕಿದ ಗಾಜಿನಂತೆ ಇರುತ್ತದೆ. ನನಗೆ ಕಂಡ ಆ ನಾಣ್ಯ ಹೇಳುತ್ತಿದ್ದದ್ದು ಇದನ್ನೇ. ನಾನು ಕ್ಲೋರಿನ್ ಸುರಿದಷ್ಟೂ ಕಬ್ಬಿಣವನ್ನು ನೀರಿನಿಂದ ಕಿತ್ತು ಗೋಡೆಗೆ ಬಳಿಯುತ್ತಿದ್ದೆ.

ಹಾಗಂತ ಗೋಡೆಯ ಮೇಲಿರುವುದೂ ಕಬ್ಬಿಣವೇ ಎಂದು ಖಾತ್ರಿ ಮಾಡಿಕೊಳ್ಳಬೇಕಿತ್ತು. ಅದಕ್ಕೆ ಆ ಹಿರಿಯರು ಹೇಳಿದ ಉಪಾಯ ಒಂದು ವಿಟಮಿನ್ ಸಿ ಮಾತ್ರೆ. ಮಗಳು ಎರಡನೇ ಮೆಟ್ಟಿಲ ಮೇಲೆ ಕೂತು, ಮಾತ್ರೆಯನ್ನು ಕಲೆಯ ಮೇಲೆ ಬೆರಳಿನಿಂದ ಒತ್ತಿ ಹಿಡಿದಳು. ಒಂದು ನಿಮಿಷ ಎಣಿಸಿದಳು. ಕೈ ತೆಗೆದಾಗ ಕಂದು ಮೆಟ್ಟಿಲ ಮೇಲೆ ಮಾತ್ರೆಯಷ್ಟೇ ದೊಡ್ಡದಾದ ಒಂದು ಬಿಳಿ ಚುಕ್ಕೆ! "ಅಪ್ಪಾ, ಬಿಳಿ ಆಯ್ತು ನೋಡು" ಅಂತ ಅವಳು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಐದು ದಿನದಲ್ಲಿ ಮೊದಲ ಸಲ ನಮಗೆ ಒಂದು ಉತ್ತರ ಸಿಕ್ಕಿತ್ತು.

ವಿಟಮಿನ್ ಸಿ ಅಂದರೆ ಆಸ್ಕಾರ್ಬಿಕ್ ಆಮ್ಲ. ಅದು ತುಕ್ಕನ್ನು ಮತ್ತೆ ಕರಗುವ ಕಬ್ಬಿಣವಾಗಿ ಬದಲಿಸುತ್ತದೆ. ಕಲೆ ಎಲೆಯದ್ದೋ ಕಸದ್ದೋ ಆಗಿದ್ದರೆ ಮಾತ್ರೆಗೆ ಜಗ್ಗುವುದಿಲ್ಲ. ಅಂಥದ್ದು ಕ್ಲೋರಿನ್‌ಗೆ ಹೋಗುತ್ತದೆ. ನಮ್ಮ ಕೊಳದ ಮೂಲೆಯಲ್ಲಿ ಎಲೆಯ ಆಕಾರದ ಒಂದು ಕಲೆ ಹಾಗೇ ಇತ್ತು. ಅದರ ಮೇಲೆ ಒಂದು ಚಿಟಿಕೆ ಕ್ಲೋರಿನ್ ಪುಡಿ ಉದುರಿಸಿದೆ, ಮಾಯವಾಯಿತು. ಒಂದೇ ಬಣ್ಣದ ಎರಡು ಕಲೆ, ಒಂದನ್ನು ಅಳಿಸುವುದು ಇನ್ನೊಂದನ್ನು ಹೆಚ್ಚಿಸುತ್ತದೆ. ಬಣ್ಣ ನೋಡಿ ಹೇಳಲು ಆಗುವುದೇ ಇಲ್ಲ.

ಇನ್ನು ಇಡೀ ಕೊಳಕ್ಕೆ ಆಸ್ಕಾರ್ಬಿಕ್ ಆಮ್ಲ ಹಾಕಬೇಕು. ಆದರೆ ಕ್ಲೋರಿನ್ ಇದ್ದರೆ ಅದು ಕಲೆಯ ಹತ್ತಿರ ಹೋಗುವ ಮೊದಲೇ ಕ್ಲೋರಿನ್ ಜೊತೆ ಕಾದಾಡಿ ಮುಗಿದುಹೋಗುತ್ತದೆ. ಹಾಗಾಗಿ ಮೊದಲು ಕ್ಲೋರಿನ್ ಇಳಿಯಬೇಕು. ಹನಿ ಎಣಿಸಿ ಅಳೆಯುವ ಒಳ್ಳೆಯ ಕಿಟ್ ತರಿಸಿದೆ. ಅದರಲ್ಲಿ ಕ್ಲೋರಿನ್ 18 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ನೀರಿಗೆ 18 ಭಾಗ, ಬಂತು. ಸಾಮಾನ್ಯವಾಗಿ ಇರಬೇಕಾದದ್ದು 1ರಿಂದ 3. ನೋಡಿ ಬೆಚ್ಚಿಬಿದ್ದೆ. ಇದರ ಜೊತೆಗೆ ಸ್ಟೆಬಿಲೈಜರ್, ಅಂದರೆ ಸಯನ್ಯೂರಿಕ್ ಆಮ್ಲ, 90 ಇತ್ತು. 30ರಿಂದ 50 ಇದ್ದರೆ ಸಾಕು. ಅದು ಬಿಸಿಲಿನಿಂದ ಕ್ಲೋರಿನ್ ಅನ್ನು ಕಾಯುವ ವಸ್ತು. ಜಾಸ್ತಿ ಇದ್ದರೆ ಬಿಸಿಲು ಎಷ್ಟೇ ಇದ್ದರೂ ಕ್ಲೋರಿನ್ ಬೇಗ ಇಳಿಯುವುದಿಲ್ಲ. ಕೊನೆಗೆ ಸೋಡಿಯಂ ಥಯೋಸಲ್ಫೇಟ್ ಅನ್ನು ಸ್ವಲ್ಪ ಸ್ವಲ್ಪವೇ ಹಾಕಿ ಎರಡು ದಿನದಲ್ಲಿ ಸೊನ್ನೆಗೆ ತಂದೆ.

ಆಮೇಲೆ ಆಸ್ಕಾರ್ಬಿಕ್ ಆಮ್ಲ. ಅದರ ಅಳತೆ 1,000 ಲೀಟರ್‌ಗೆ ಸುಮಾರು 12 ಗ್ರಾಂ. ನಮ್ಮ ಕೊಳಕ್ಕೆ 540 ಗ್ರಾಂ. ಪಂಪ್ ಓಡಿಸುತ್ತಾ ಪುಡಿಯನ್ನು ಮೆಟ್ಟಿಲ ಸುತ್ತ, ಗೋಡೆಯ ಗುಂಟ ಉದುರಿಸಿದೆ. ಅರ್ಧ ಗಂಟೆಯಲ್ಲಿ ಮೆಟ್ಟಿಲು ಬೆಳ್ಳಗಾಯಿತು. ಹೆಂಡತಿ, ಮಗಳು, ನಾನು ಮೂವರೂ ದಡದಲ್ಲಿ ಕೂತು ನೋಡಿದೆವು. ಮೋಡ ಸರಿದ ಹಾಗೆ ಕಂದು ಬಣ್ಣ ಕರಗುತ್ತಾ ಹೋಯಿತು. ಅಷ್ಟು ಚೆನ್ನಾಗಿರುವುದನ್ನು ಈ ಕೆಲಸದಲ್ಲಿ ನಾನು ಮತ್ತೆ ನೋಡಿಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ.

ಕ್ಲೋರಿನ್ ಇಲ್ಲದ ಕೊಳ ಎಂದರೆ ಪಾಚಿಗೆ ಬಾಗಿಲು ತೆರೆದಿಟ್ಟ ಹಾಗೆ. ಆ ಹೆದರಿಕೆಯಲ್ಲಿ ಅದೇ ರಾತ್ರಿ ಒಂದು ಡೋಸ್ ಕ್ಲೋರಿನ್ ಹಾಕಿದೆ. ಬೆಳಿಗ್ಗೆ ಅಳೆದರೆ ಸೊನ್ನೆ. ಎರಡರಷ್ಟು ಹಾಕಿದೆ. ಎರಡು ದಿನ ಬಿಟ್ಟು ಮೆಟ್ಟಿಲ ಮೇಲೆ ತೆಳು ಹಳದಿ ಪರದೆ ಮತ್ತೆ ಬಂತು. ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಾಯಿತು.

ಹಿರಿಯರಿಗೆ ಮತ್ತೆ ಫೋನ್ ಮಾಡಿದೆ. "ಕಬ್ಬಿಣ ಎಲ್ಲಿಗೆ ಹೋಗಿದೆ ಅಂದುಕೊಂಡೆ? ನೀರಿನಲ್ಲೇ ಇದೆಯಲ್ಲಪ್ಪಾ" ಅಂದರು. ನಿಜ. ಆಸ್ಕಾರ್ಬಿಕ್ ಆಮ್ಲ ಕಬ್ಬಿಣವನ್ನು ಕೊಳದಿಂದ ಹೊರಗೆ ಹಾಕುವುದಿಲ್ಲ, ಗೋಡೆಯಿಂದ ನೀರಿಗೆ ಇಳಿಸುತ್ತದೆ ಅಷ್ಟೇ. ಕ್ಲೋರಿನ್ ಮತ್ತೆ ಬಂದರೆ ಮತ್ತೆ ತುಕ್ಕು.

ಎರಡನೇ ಸುತ್ತಿನಲ್ಲಿ ಅವಸರ ಮಾಡಲಿಲ್ಲ. ಮೊದಲು ತಾಮ್ರ ಇಲ್ಲದ ಪಾಚಿನಾಶಕ ಹಾಕಿದೆ. ಈ ಮಾತನ್ನು ಒತ್ತಿ ಹೇಳುತ್ತೇನೆ, ಎಷ್ಟೋ ಪಾಚಿನಾಶಕಗಳಲ್ಲಿ ತಾಮ್ರವೇ ಮುಖ್ಯ ವಸ್ತು. ಲೋಹದ ಕಲೆ ತೆಗೆಯಲು ಹೊರಟು ಇನ್ನೊಂದು ಲೋಹ ಸುರಿದಂತಾಗುತ್ತದೆ. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಲೇಬೇಕು. ಆಮೇಲೆ ಆಸ್ಕಾರ್ಬಿಕ್ ಆಮ್ಲ. ಕಲೆ ಹೋದ ಕೂಡಲೇ ಲೋಹವನ್ನು ಹಿಡಿದಿಡುವ ದ್ರಾವಣ, ಸೀಕ್ವೆಸ್ಟರಂಟ್ ಅನ್ನುತ್ತಾರೆ, ಅದನ್ನು ಡಬ್ಬಿಯ ಮೇಲೆ ಬರೆದಷ್ಟು ಹಾಕಿದೆ. ಅದು ಕಬ್ಬಿಣವನ್ನು ಸುತ್ತುವರಿದು ಹಿಡಿಯುತ್ತದೆ, ಗೋಡೆಗೆ ಅಂಟಲು ಬಿಡುವುದಿಲ್ಲ. ಪಿಎಚ್ ಅನ್ನು 7.2ರ ಹತ್ತಿರವೇ ಇಟ್ಟೆ. ಪಿಎಚ್ ಏರಿದರೆ ಲೋಹ ಬೇಗ ಕೆಳಗೆ ಕೂರುತ್ತದೆ.

ಕ್ಲೋರಿನ್ ಅನ್ನು ಬೆಳಿಗ್ಗೆ ಅರ್ಧ ಪಿಪಿಎಂ, ಸಂಜೆ ಅರ್ಧ ಪಿಪಿಎಂ ಲೆಕ್ಕದಲ್ಲಿ ಹಾಕುತ್ತಾ ಹೋದೆ. ಮೊದಲ ನಾಲ್ಕು ದಿನ ಅಳತೆ ಸೊನ್ನೆಯಲ್ಲೇ ನಿಂತಿತು. ಈ ಸಲ ಹೆದರಲಿಲ್ಲ. ಯಾಕೆ ಅಂತ ಗೊತ್ತಿತ್ತು. ಎರಡೂವರೆ ಭಾಗ ಆಸ್ಕಾರ್ಬಿಕ್ ಆಮ್ಲ ಒಂದು ಭಾಗ ಕ್ಲೋರಿನ್ ಅನ್ನು ತಿನ್ನುತ್ತದೆ. ನಾನು ಹಾಕಿದ್ದು ನೀರಿಗೆ 12 ಪಿಪಿಎಂ. ಅಂದರೆ ಹೆಚ್ಚೂಕಡಿಮೆ 5 ಪಿಪಿಎಂ ಕ್ಲೋರಿನ್ ಅದರ ಪಾಲಿಗೆ ಹೋಗಲೇಬೇಕು. ಐದನೇ ದಿನ ಸಂಜೆ ಮೊದಲ ಗುಲಾಬಿ ಬಣ್ಣ ಕಂಡಿತು. ಮೆಟ್ಟಿಲು ಬಿಳಿಯಾಗೇ ಇತ್ತು.

ಹಿಡಿದಿಟ್ಟ ಕಬ್ಬಿಣವನ್ನು ಹೊರಗೆ ಹಾಕುವುದು ಬೇರೆಯೇ ಕೆಲಸ. ಸೀಕ್ವೆಸ್ಟರಂಟ್ ಅನ್ನು ಕ್ಲೋರಿನ್ ನಿಧಾನವಾಗಿ ಒಡೆಯುತ್ತದೆ, ವಾರಕ್ಕೊಮ್ಮೆ ಸ್ವಲ್ಪ ಹಾಕುತ್ತಿರಬೇಕು. ಅದರ ನಡುವೆ ಬಿಡುಗಡೆಯಾಗುವ ಕಬ್ಬಿಣ ಸೋಸಲು ಸಿಗುತ್ತದೆ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಒಂದು ಹಿಡಿ ಸ್ಕಿಮ್ಮರ್ ಬುಟ್ಟಿಯಲ್ಲಿ, ಅಂದರೆ ಪಂಪಿಗೆ ಹೋಗುವ ನೀರಿನ ಕಸ ಹಿಡಿಯುವ ಬುಟ್ಟಿಯಲ್ಲಿ, ಇಟ್ಟೆ. ನೀರಿನ ಓಟ ಕಟ್ಟಿಹೋಗದಂತೆ ಸಡಿಲವಾಗಿ ಇಡಬೇಕು. ಎರಡು ದಿನಕ್ಕೆ ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ತೆಗೆದು ಹೊಸದು ಇಟ್ಟೆ. ಹೀಗೆ ಹನ್ನೊಂದು ಸಲ. ಪ್ರತಿ ಸಲವೂ ಬಣ್ಣ ಒಂದು ಚೂರು ತೆಳುವಾಗುತ್ತಿತ್ತು. ಎಷ್ಟು ಕಬ್ಬಿಣ ಹೋಯಿತು ಎಂದು ಕಣ್ಣಿಂದಲೇ ನೋಡಬಹುದಿತ್ತು.

ಕಂದು ಹೋದ ಮೇಲೆ ಅದರಡಿ ಅಡಗಿದ್ದ ಇನ್ನೊಂದು ಕಲೆ ಕಂಡಿತು. ನೀರು ವಾಪಸ್ ಬರುವ ಕೊಳವೆಗಳ ಬಾಯಿಯ ಸುತ್ತ ನೀಲಿ ಮಿಶ್ರಿತ ಬೂದು ಬಣ್ಣ. ವಿಟಮಿನ್ ಸಿ ಮಾತ್ರೆ ಇಟ್ಟೆ, ಏನೂ ಆಗಲಿಲ್ಲ. ಸಿಟ್ರಿಕ್ ಆಮ್ಲದ ಪುಡಿಯನ್ನು ಹಳೇ ಕಾಲುಚೀಲಕ್ಕೆ ತುಂಬಿ ಒತ್ತಿ ಹಿಡಿದೆ, ಸ್ವಲ್ಪ ತೆಳುವಾಯಿತು. ತಾಮ್ರ.

ಬೋರ್‌ವೆಲ್ ನೀರಿನ ತಾಮ್ರ ಪರೀಕ್ಷೆ ಮಾಡಿದರೆ ಸೊನ್ನೆ. ಹಾಗಾದರೆ ಎಲ್ಲಿಂದ? ಕಲೆ ಇದ್ದ ಜಾಗವೇ ಸುಳಿವು ಕೊಟ್ಟಿತು. ಆ ಕೊಳವೆಗಳಿಂದ ಬರುವ ನೀರು ಹೀಟರ್ ದಾಟಿ ಬರುತ್ತದೆ. ಹೀಟರ್ ಒಳಗಿನ ಸುರುಳಿ ತಾಮ್ರದ್ದು. ನೀರು ಆಮ್ಲವಾದರೆ ಅದನ್ನು ಕೊರೆದು ತಿನ್ನುತ್ತದೆ. ನಾನು ತಪ್ಪು ಅಳತೆ ನಂಬಿ ಹಾಕಿದ್ದ ಆಸಿಡ್ ಒಂದು ಕಾರಣ. ಅದಕ್ಕಿಂತ ಹಳೆಯ, ದೊಡ್ಡ ಕಾರಣ ಸ್ಕಿಮ್ಮರ್ ಬುಟ್ಟಿಯಲ್ಲಿ ಎರಡು ವರ್ಷ ಇಡುತ್ತಾ ಬಂದಿದ್ದ ಕ್ಲೋರಿನ್ ಬಿಲ್ಲೆಗಳು. ಅವು ಟ್ರೈಕ್ಲೋರ್, ಅಂದರೆ ಕ್ಲೋರಿನ್ ಜೊತೆ ಸಯನ್ಯೂರಿಕ್ ಆಮ್ಲವೂ ಸೇರಿದ ವಸ್ತು. ಅದು ಕರಗಿದ ನೀರು ತೀರಾ ಹುಳಿ, ಪಿಎಚ್ ಸುಮಾರು 3. ರಾತ್ರಿ ಪಂಪ್ ನಿಂತಾಗ ಬಿಲ್ಲೆ ಅಲ್ಲೇ ಕರಗುತ್ತಾ ಇರುತ್ತದೆ. ಬೆಳಿಗ್ಗೆ ಪಂಪ್ ಶುರುವಾದಾಗ ಆ ಹುಳಿ ನೀರೆಲ್ಲ ಒಟ್ಟಿಗೆ ನೇರವಾಗಿ ಹೀಟರಿಗೆ ನುಗ್ಗುತ್ತದೆ. ಎರಡು ವರ್ಷ ದಿನಾ ಬೆಳಿಗ್ಗೆ ಹೀಗೇ ನಡೆದಿದೆ.

ಸ್ಟೆಬಿಲೈಜರ್ 90 ಆಗಿದ್ದಕ್ಕೂ ಅದೇ ಬಿಲ್ಲೆ ಕಾರಣ. ಟ್ರೈಕ್ಲೋರ್‌ನಿಂದ 10 ಪಿಪಿಎಂ ಕ್ಲೋರಿನ್ ಸೇರಿದರೆ 6 ಪಿಪಿಎಂ ಸಯನ್ಯೂರಿಕ್ ಆಮ್ಲವೂ ಜೊತೆಗೆ ಸೇರುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಅದು ಉಳಿಯುತ್ತದೆ.

ನೀರಿನ ಆಲ್ಕಲಿನಿಟಿ ನೋಡಿದೆ. 40 ಇತ್ತು. 80ರಿಂದ 120 ಇರಬೇಕು. ಪಿಎಚ್ ಏರಿಳಿಯದಂತೆ ಹಿಡಿದು ನಿಲ್ಲಿಸುವುದು ಇದೇ. ಇದು ಕಡಿಮೆ ಇದ್ದರೆ ಸ್ವಲ್ಪ ಆಸಿಡ್ ಬಿದ್ದರೂ ಪಿಎಚ್ ಜಾರಿಬಿಡುತ್ತದೆ. ಇದಕ್ಕೆ ಮದ್ದು ಮಾತ್ರ ತುಂಬ ಸರಳ. ಅಡುಗೆ ಸೋಡಾ, 1,000 ಲೀಟರ್‌ಗೆ 17 ಗ್ರಾಂ ಹಾಕಿದರೆ 10 ಪಿಪಿಎಂ ಏರುತ್ತದೆ. ನನಗೆ 40 ಏರಬೇಕಿತ್ತು. ಮೂರು ಕಿಲೋ ಸೋಡಾವನ್ನು ಎರಡು ದಿನಕ್ಕೆ ಹಂಚಿ ಹಾಕಿದೆ.

ತಾಮ್ರ ಮತ್ತು ಸ್ಟೆಬಿಲೈಜರ್ ಎರಡಕ್ಕೂ ನೀರು ಬದಲಿಸುವುದೇ ದಾರಿ. ಮೂರನೇ ಒಂದು ಭಾಗ ಹೊರಗೆ ಬಿಟ್ಟು ನಲ್ಲಿ ನೀರು ತುಂಬಿಸಿದೆ. ಆ ನೀರಿಗೂ ಮೊದಲು ಬಕೆಟ್ ಪರೀಕ್ಷೆ ಮಾಡಿದೆ. ಸ್ಟೆಬಿಲೈಜರ್ 60ಕ್ಕೆ ಇಳಿಯಿತು. ಕೊಳವೆ ಬಾಯಿಯ ಕಲೆಯನ್ನು ಸಿಟ್ರಿಕ್ ಆಮ್ಲದ ಕಾಲುಚೀಲ ಹಿಡಿದು ಒಂದೊಂದೇ ತಿಕ್ಕಿದೆ. ಪೂರ್ತಿ ಹೋಗಿಲ್ಲ. ತಾಮ್ರ ಕಬ್ಬಿಣದಷ್ಟು ಸುಲಭವಾಗಿ ಬಿಡುವುದಿಲ್ಲ.

ಬಿಲ್ಲೆ ನಿಲ್ಲಿಸಿ ಈಗ ದ್ರವ ಕ್ಲೋರಿನ್ ಹಾಕುತ್ತಿದ್ದೇನೆ. ಉಳಿದಿದ್ದ ಬಿಲ್ಲೆ ಮತ್ತು ಕ್ಲೋರಿನ್ ಪುಡಿಯನ್ನು ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಚಮಚದ ಜೊತೆ ಇಟ್ಟಿದ್ದೇನೆ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಟ್ರೈಕ್ಲೋರ್ ಬಿಲ್ಲೆಯೂ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿಯೂ ಒಂದಕ್ಕೊಂದು ಸೇರಿದರೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಎರಡೂ ಕ್ಲೋರಿನ್ ತಾನೇ ಅಂತ ಒಂದೇ ಡಬ್ಬಿಗೆ ಸುರಿಯುವವರನ್ನು ನೋಡಿದ್ದೇನೆ. ಆಸಿಡ್ ಕೂಡ ಹಾಗೆ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು. ಕೈಗವಸು, ಕನ್ನಡಕ ಇಲ್ಲದೆ ನಾನು ಡಬ್ಬಿ ಮುಟ್ಟುವುದಿಲ್ಲ.

ಬೋರ್‌ವೆಲ್ ನೀರನ್ನು ಪೂರ್ತಿ ಬಿಟ್ಟಿಲ್ಲ. ಕೆಲವೊಮ್ಮೆ ಬೇರೆ ದಾರಿ ಇರುವುದಿಲ್ಲ. ಆದರೆ ಆವಿಯಾಗಿ ಹೋಗುವುದು ನೀರು ಮಾತ್ರ, ಲೋಹ ಕೊಳದಲ್ಲೇ ಉಳಿಯುತ್ತದೆ ಎಂಬುದು ಈಗ ನೆನಪಿರುತ್ತದೆ. ದಿನಾ ಎರಡು ಬೆರಳು ತುಂಬಿಸಿದರೂ ಕಬ್ಬಿಣ ಸೇರುತ್ತಾ ಹೋಗುತ್ತದೆ. ಅದಕ್ಕೆ ಬೋರ್ ನೀರನ್ನು ಒಂದು ದೊಡ್ಡ ಡ್ರಮ್ಮಿಗೆ ಹಿಡಿದು, ಕ್ಲೋರಿನ್ ಹಾಕಿ, ತುಕ್ಕು ತಳಕ್ಕೆ ಕೂರಲು ಒಂದು ರಾತ್ರಿ ಬಿಡುತ್ತೇನೆ. ಮೇಲಿನ ತಿಳಿ ನೀರನ್ನು ಹತ್ತಿಯ ಮೂಲಕ ಸೋಸಿ ಕೊಳಕ್ಕೆ ಬಿಡುತ್ತೇನೆ. ನಿಧಾನದ ಕೆಲಸ, ಆದರೆ ಮೆಟ್ಟಿಲು ಬೆಳ್ಳಗಿದೆ.

ಒಂದು ಕಲೆ ಇನ್ನೂ ಇದೆ. ಆಳದ ಕಡೆ, ದೀಪದ ಕೆಳಗೆ, ಗುಂಡಗೆ ನಾಣ್ಯದಷ್ಟು. ವಿಟಮಿನ್ ಸಿ ಇಟ್ಟರೆ ಹೋಗುತ್ತದೆ, ಎರಡು ವಾರಕ್ಕೆ ಸರಿಯಾಗಿ ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ನೀರಿನ ಕಬ್ಬಿಣ ಹೀಗೆ ಒಂದೇ ಚುಕ್ಕೆಯನ್ನು ಹುಡುಕಿಕೊಂಡು ಬಂದು ಕೂರುವುದಿಲ್ಲ. ಪ್ಲಾಸ್ಟರಿನ ಒಳಗೆ ಕಂಬಿ ಕಟ್ಟಿದ ತಂತಿಯ ತುದಿ ಉಳಿದಿರಬೇಕು, ಅದು ಒಳಗಿನಿಂದ ತುಕ್ಕು ಹಿಡಿಯುತ್ತಿದೆ. ಅದಕ್ಕೆ ಯಾವ ಪುಡಿಯೂ ಇಲ್ಲ. ಮುಂದಿನ ಸಲ ನೀರು ಇಳಿಸಿದಾಗ ಅಷ್ಟು ಜಾಗ ಕೊರೆದು, ತಂತಿ ಕಿತ್ತು, ಹೊಸ ಪ್ಲಾಸ್ಟರ್ ಮೆತ್ತಬೇಕು. ಮಗಳು ಆ ಜಾಗವನ್ನು ಗುರುತು ಹಾಕಿ ಇಟ್ಟಿದ್ದಾಳೆ, ದೀಪದಿಂದ ಕೆಳಗೆ ಮೂರು ಗೇಣು, ಎಡಕ್ಕೆ ಒಂದು.